ಬಸುರಿಯ ರಕ್ತಹೀನತೆಗೆ ಬಸುರಿಯನ್ನೇ ದೂರಬೇಡಿ

"ಸರಿಯಾಗಿ ಉಣ್ಣೋದಿಲ್ಲ, ಅದಕ್ಕೇ ರಕ್ತ ಕಡಿಮೆ." ಬಸುರಿಯ ಹಿಮೋಗ್ಲೋಬಿನ್ ಇಳಿದಾಗ ಮನೆಯವರ ಬಾಯಲ್ಲಿ ಬರುವ ಮೊದಲ ಮಾತು ಇದು. ನಾನಿದನ್ನು ಒಪ್ಪುವುದಿಲ್ಲ. ಒಂದು ಬಸಿರಿಗೆ ಬೇಕಾಗುವ ಕಬ್ಬಿಣಾಂಶ ಸುಮಾರು 1,000 ಮಿಲಿಗ್ರಾಂ. ಅಷ್ಟನ್ನೂ ಒಂಬತ್ತು ತಿಂಗಳ ಊಟದಿಂದಲೇ ಹೊಂದಿಸಿಕೊಳ್ಳುವುದು ಚೆನ್ನಾಗಿ ಉಣ್ಣುವವಳಿಗೂ ಕಷ್ಟ. ಮೈಯಲ್ಲಿ ಮೊದಲೇ ಒಂದಿಷ್ಟು ಕೂಡಿರಬೇಕು. ಇನ್ನೂ ಬೆಳೆಯುವ ವಯಸ್ಸಿನಲ್ಲೇ ಬಸುರಾದ ಹುಡುಗಿಗೆ, ಪ್ರತಿ ಮುಟ್ಟಿನಲ್ಲೂ ವಿಪರೀತ ರಕ್ತ ಹೋಗುತ್ತಿದ್ದವಳಿಗೆ, ಮೊದಲ ಕೂಸು ಮೊಲೆ ಬಿಡುವ ಮುಂಚೆಯೇ ಮತ್ತೆ ಬಸುರಾದವಳಿಗೆ ಅದು ಎಲ್ಲಿಂದ ಕೂಡೀತು? ಬರಿಗಾಲಲ್ಲಿ ಗದ್ದೆಗಿಳಿಯುವವಳ ಪಾದದ ಚರ್ಮ ತೂರಿಕೊಂಡು ಹೋಗುವ ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ದಿನವೂ ರಕ್ತ ಹೀರುತ್ತದೆ. ಅವಳಿಗೆ ಬೇಕಾದದ್ದು ಬೈಗುಳವಲ್ಲ. ಮೂರು ತಿಂಗಳು ತುಂಬಿದ ಮೇಲೆ ವೈದ್ಯರು ಕೊಡುವ ಅಲ್ಬೆಂಡಜೋಲ್ ಮಾತ್ರೆ, ಕಾಲಿಗೊಂದು ಚಪ್ಪಲಿ. ಇನ್ನು ಊಟದ ಮಾತೇ ಆಡುವುದಾದರೆ, ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವವಳು ಯಾರು ಅನ್ನುವುದನ್ನೂ ಆಡೋಣ.

"ಬಸುರಿಯಲ್ಲಿ ರಕ್ತ ತೆಳುವಾಗೋದು ಸಹಜ" ಅನ್ನುತ್ತಾರೆ. ಅರ್ಧ ನಿಜ. ಕೆಂಪು ರಕ್ತಕಣಗಳಿಗಿಂತ ರಕ್ತದ ದ್ರವಾಂಶ ಹೆಚ್ಚು ಏರುತ್ತದೆ. ಆದರೆ ಆ ತೆಳುವನ್ನು ಲೆಕ್ಕಕ್ಕೆ ಹಿಡಿದೇ, ಬೇರೆ ಹೆಂಗಸರಿಗೆ 12 ಗ್ರಾಂ ಇರುವ ಹಿಮೋಗ್ಲೋಬಿನ್ ಗಡಿಯನ್ನು ಬಸುರಿಗೆ 11ಕ್ಕೆ ಇಳಿಸಿದ್ದಾರೆ. ಅದಕ್ಕಿಂತ ಕೆಳಗೆ ಬಂದರೆ ರಕ್ತಹೀನತೆಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ಶೇ. 52.2ರಷ್ಟು ಮಂದಿ ಆ ಗೆರೆಯ ಕೆಳಗಿದ್ದರು. ಇಷ್ಟು ಮಂದಿಗಿದೆ ಎಂದ ಮಾತ್ರಕ್ಕೆ ಅದು ಸಹಜವಾಗುವುದಿಲ್ಲ.

ಬೀಟ್‌ರೂಟ್ ರಸ ಸಾಕು ಅನ್ನುವವರಿಗೆ: ಬಣ್ಣ ಕೆಂಪು, ನಿಜ, ಆದರೆ ನೂರು ಗ್ರಾಂನಲ್ಲಿ ಕಬ್ಬಿಣಾಂಶ ಒಂದು ಮಿಲಿಗ್ರಾಂ ಆಸುಪಾಸು. ಸರ್ಕಾರ ಕೊಡುವ ಕಬ್ಬಿಣಾಂಶದ ಮಾತ್ರೆ ಒಂದರಲ್ಲಿ 60.

ಮಾತ್ರೆ ನುಂಗಿದರೆ ಮಗು ಕಪ್ಪಗಾಗುತ್ತದೆ ಎಂಬ ಹೆದರಿಕೆ ಇನ್ನೂ ಹೋಗಿಲ್ಲ. ಕಪ್ಪಾಗುವುದು ಮಲ ಮಾತ್ರ. ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರುತ್ತದೆ.

"ಮಾತ್ರೆ ಕೊಟ್ಟರೂ ರಕ್ತ ಏರಲಿಲ್ಲ" ಎನ್ನುವವರು ಹೇಗೆ ನುಂಗಿದಳು ಎಂದು ಕೇಳಿರುವುದಿಲ್ಲ. ಕಾಫಿ, ಟೀ ಜೊತೆಗೆ ನುಂಗಿದರೆ ಮೈಗೆ ಹತ್ತುವುದು ಅಲ್ಪ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆಯಾದರೂ ಅಂತರ ಬೇಕು. ವಾಕರಿಕೆ ಬಂದರೆ ನಿಲ್ಲಿಸದೆ, ಊಟದ ನಂತರ, ನಿಂಬೆ ಪಾನಕದೊಡನೆ ತೆಗೆದುಕೊಳ್ಳಲಿ. ಹೀಗೆ ನುಂಗಿಯೂ ತಿಂಗಳಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಂ ಏರದಿದ್ದರೆ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಬಿ12 ಕೊರತೆಯೋ ಥಲಸ್ಸೀಮಿಯಾವೋ ಎಂದು ಅಲ್ಲಿ ನೋಡುತ್ತಾರೆ, ಬೇಕಾದರೆ ಕಬ್ಬಿಣಾಂಶವನ್ನು ಡ್ರಿಪ್‌ನಲ್ಲಿ ಕೊಡುತ್ತಾರೆ.