ಜಲಪಾತಕ್ಕೂ ಒಬ್ಬ ನೀರಗಂಟಿ

ದಾವಣಗೆರೆಯಿಂದ ಜಗಳೂರಿಗೆ ಹೋಗುವ ಮಾರ್ಗದಲ್ಲಿ ಬಿಳಿಚೋಡು ಸಿಗುತ್ತದೆ. ಅಪ್ಪಟ ಬಯಲುಸೀಮೆ. ಮಳೆರಾಯ ಕೃಪೆ ಮಾಡಿದರೆ ಮೆಕ್ಕೆಜೋಳ, ಈರುಳ್ಳಿ. ಮುನಿದರೆ ಮುಗಿಲು ನೋಡುತ್ತ ಕೂಡುವುದೇ ಕೆಲಸ. ಇಲ್ಲಿನ ಮನೆಗಳಲ್ಲಿ ಬಂದವರ ಕೈಗೆ ಮೊದಲು ನೀರಿನ ತಂಬಿಗೆ ಕೊಡುತ್ತಾರೆ. ಕೊಡುವವರು ನೀರಿನ ಬೆಲೆಯನ್ನು ಬಲ್ಲವರು.

ಮುಂಗಾರು ಆರಂಭವಾದ ದಿನಗಳಲ್ಲಿ ನಾವು ಅಲ್ಲಿನ ಒಂದು ಶರಣ ಕುಟುಂಬಕ್ಕೆ ಹೋಗಿದ್ದೆವು. ಮನೆಯ ಹಿರಿಯ ಮಗ ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದಾನೆ. ಅವನ ಓದಿಗಾಗಿ ಎರಡು ಎಕರೆ ಹೊಲ ಬ್ಯಾಂಕಿಗೆ ಅಡಮಾನವಾಗಿದೆ. ಪ್ರಸಾದವಾದ ಮೇಲೆ ಆ ತಾಯಿ ಮೊಬೈಲನ್ನು ತಂದು, "ಸ್ವಾಮಿ, ನಮ್ಮ ಹುಡುಗ ನೋಡಿಬಂದ ನೀರು ನೋಡಿ" ಎಂದರು. ಅದು ನಯಾಗರ ಜಲಪಾತ. ಹನ್ನೊಂದು ಜನ ವಿದ್ಯಾರ್ಥಿಗಳು ಸೇರಿ ವ್ಯಾನು ಬಾಡಿಗೆಗೆ ಹಿಡಿದು ಹೋಗಿದ್ದರಂತೆ. ತೆಲುಗರು, ಪಂಜಾಬಿನವರು, ನೈಜೀರಿಯಾದವನೊಬ್ಬ, ಕನ್ನಡಿಗ ಇವನೊಬ್ಬನೇ. ಕೆಂಪು ಪ್ಲಾಸ್ಟಿಕ್ ಹೊದಿಕೆ ತೊಟ್ಟು ದೋಣಿಯಲ್ಲಿ ನಿಂತ ಹುಡುಗನ ಮುಖದ ತುಂಬ ನೀರು, ನಗು.

ತಂದೆಯವರು ಮಾತ್ರ ಮೌನವಾಗಿ ಕುಳಿತಿದ್ದರು. ತುಸು ಹೊತ್ತಿನ ಬಳಿಕ ಅವರೇ ಬಾಯಿ ಬಿಟ್ಟರು: "ಹುಡುಗ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಹೋಗಿಬಂದು ಮೂರು ವಾರ ನಮಗೆ ಹೇಳಲೇ ಇಲ್ಲ. ಸಾಲದ ದುಡ್ಡಿನಲ್ಲಿ ತಿರುಗಾಡಿದ ಎಂದು ಅಪ್ಪಾಜಿ ನೊಂದುಕೊಳ್ಳುತ್ತಾರೆಂದು ಅಂಜಿದನಂತೆ. ಅಷ್ಟು ಬಿಗಿಯಾಗಿ ಲೆಕ್ಕ ಕೇಳಿಬಿಟ್ಟೆನೇನೋ ಎಂಬುದೇ ನನ್ನ ಸಂಕಟ."

ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ವಾರಕ್ಕೊಮ್ಮೆ ಫೋನು ಮಾಡುವ ಮಗನನ್ನು ನಾವು ಕೇಳುವುದೇನು? ಅಂಕ ಎಷ್ಟು ಬಂತು, ಖರ್ಚು ಎಷ್ಟಾಯಿತು, ಕೆಲಸ ಯಾವಾಗ ಸಿಗುತ್ತದೆ. "ಈ ವಾರ ಏನನ್ನು ನೋಡಿ ಸಂತೋಷಪಟ್ಟೆ?" ಎಂದು ಕೇಳುವವರು ಎಷ್ಟು ಮಂದಿ?

ಆದರೆ ಆ ತಂದೆ ಒಂದು ಒಳ್ಳೆಯ ಪ್ರಶ್ನೆಯನ್ನೂ ಕೇಳಿದ್ದರು. "ಅಷ್ಟು ನೀರು ಯಾರ ಹೊಲಕ್ಕೆ ಹೋಗುತ್ತದೋ, ತಮ್ಮ?" ಮಗನಿಗೆ ತಿಳಿದಿರಲಿಲ್ಲ. ಓದಿ ತಿಳಿದು ಮರುವಾರ ಹೇಳಿದನಂತೆ. ಈರಿ ಸರೋವರದ ನೀರು ಒಂಟಾರಿಯೋ ಸರೋವರಕ್ಕೆ ಹರಿಯುವ ದಾರಿಯಲ್ಲಿ ಆ ಜಲಪಾತವಿದೆ. ಕುದುರೆ ಲಾಳದ ಆಕಾರದ ದೊಡ್ಡ ಧಾರೆಯ ಎತ್ತರ ಸುಮಾರು 57 ಮೀಟರು. ಅದರ ನೀರನ್ನು ಅಮೆರಿಕ ಮತ್ತು ಕೆನಡಾ 1950ರ ಒಪ್ಪಂದದಂತೆ ಹಂಚಿಕೊಂಡಿವೆ. ಪ್ರವಾಸಿಗರು ಬರುವ ತಿಂಗಳುಗಳಲ್ಲಿ ಹಗಲು ಹೊತ್ತು 1 ಲಕ್ಷ ಕ್ಯೂಸೆಕ್ ನೀರು ಜಲಪಾತದಲ್ಲಿ ಧುಮುಕಲೇಬೇಕು. ರಾತ್ರಿಯಲ್ಲಿ ಮತ್ತು ಚಳಿಗಾಲದಲ್ಲಿ 50 ಸಾವಿರ ಕ್ಯೂಸೆಕ್ ಸಾಕು. ಉಳಿದ ನೀರು ಸುರಂಗ ಕಾಲುವೆಗಳ ಮೂಲಕ ಎರಡೂ ದಡಗಳ ವಿದ್ಯುದಾಗಾರಗಳಿಗೆ ಹೋಗಿ, ಯಂತ್ರ ತಿರುಗಿಸಿ, ಕೆಳಗೆ ಮತ್ತೆ ನದಿಯನ್ನೇ ಸೇರುತ್ತದೆ.

ಇದನ್ನು ಕೇಳಿ ತಂದೆಯವರು ನಕ್ಕರಂತೆ. "ಹಾಗಾದರೆ ಅಲ್ಲಿಯೂ ನೀರಗಂಟಿ ಇದ್ದಾನೆ!" ಅವರ ಅಜ್ಜ ಊರಿನ ಕೆರೆಗೆ ನೀರಗಂಟಿಯಾಗಿದ್ದವರು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಸರದಿ ಹಿಡಿಯುವುದು ಅವರ ಕಾಯಕ. ಪ್ರಪಂಚದ ಪ್ರಖ್ಯಾತ ಜಲಪಾತವೂ ಸರದಿಯ ಮೇಲೆಯೇ ಧುಮುಕುತ್ತಿದೆ ಎಂಬುದು ಅವರಿಗೆ ಬಲು ಸಮಾಧಾನದ ಸಂಗತಿಯಾಗಿತ್ತು.

ನಮ್ಮ ನಾಡೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದುದಲ್ಲ. ನಯಾಗರದ ವಿದ್ಯುತ್ತು ಬಫಲೋ ನಗರವನ್ನು ಮುಟ್ಟಿದ್ದು 1896ರಲ್ಲಿ. ಕಾವೇರಿಯ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು 1902ರಲ್ಲಿ; ನಡುವೆ ಆರೇ ವರ್ಷಗಳ ಅಂತರ. ಶರಾವತಿಯ ಜೋಗವಂತೂ 253 ಮೀಟರು, ಅಂದರೆ 830 ಅಡಿ ಎತ್ತರ. ನಯಾಗರದ ನಾಲ್ಕು ಪಟ್ಟಿಗೂ ಮಿಗಿಲು. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲು. ಮೇಲ್ಭಾಗದಲ್ಲಿ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಇದೆ. ಅದರ ನೀರಿನಿಂದ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು 1035 ಮೆಗಾವ್ಯಾಟ್ ಸಾಮರ್ಥ್ಯದಲ್ಲಿ ತಿರುಗುತ್ತವೆ. ಈ ಬೆಳಕಿಗಾಗಿ ಶರಾವತಿ ಕಣಿವೆಯ ಎಷ್ಟೋ ಹಳ್ಳಿಗಳು ಮುಳುಗಿದವು, ಎಷ್ಟೋ ಒಕ್ಕಲುಗಳು ಹೊಲ ಮನೆ ಬಿಟ್ಟು ಎದ್ದವು. ನಮ್ಮ ಬೋರಿನ ಮೋಟಾರು ಗುಂಡಿ ಒತ್ತುವಾಗ ಅವರನ್ನು ನೆನೆಯುವುದು ಧರ್ಮ.

"ನೀವು ಜೋಗ ನೋಡಿದ್ದೀರಾ?" ಎಂದು ನಾವು ಕೇಳಿದೆವು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಒಂದು ಹಗಲಿನ ದಾರಿ. ಮೂವತ್ತು ವರ್ಷದ ಸಂಸಾರದಲ್ಲಿ ಬಿಡುವಾಗಿರಲಿಲ್ಲ. ಮಗನೂ ನೋಡಿರಲಿಲ್ಲ. ದೂರದ ನಯಾಗರವನ್ನು ಕಂಡ ಕುಟುಂಬ ಮನೆಯ ಮುಂದಿನ ಜೋಗವನ್ನು ಕಂಡಿರಲಿಲ್ಲ. ಇದು ಆ ಒಂದು ಮನೆಯ ಕಥೆಯಲ್ಲ.

ಆಗಸ್ಟಿನಲ್ಲಿ ಅವರು ನೆರೆಯ ನಾಲ್ಕು ಮನೆಯವರೊಡನೆ ಟೆಂಪೋ ಮಾಡಿಕೊಂಡು ಹೋಗಿಬಂದರು. ಮಂಜು ಸರಿದು ನಾಲ್ಕು ಧಾರೆಗಳೂ ಕಂಡಾಗ ಆ ತಾಯಿ ಕೈಮುಗಿದು, "ಇದರಲ್ಲಿ ಒಂದು ಬೊಗಸೆ ನಮ್ಮ ಕೆರೆಗೆ ಬಂದಿದ್ದರೆ" ಎಂದರಂತೆ. ಆ ಮಾತಿನ ಹಿಂದೆ ಒಂದು ತಾಲ್ಲೂಕಿನ ಹಲವು ತಲೆಮಾರಿನ ದಾಹವಿದೆ. ಹರಿಹರದ ಬಳಿ ತುಂಗಭದ್ರೆಯಿಂದ ನೀರೆತ್ತಿ ಜಗಳೂರು ಸೀಮೆಯ 57 ಕೆರೆಗಳನ್ನು ತುಂಬಿಸುವ ಯೋಜನೆ ರೂಪುಗೊಂಡದ್ದು ಆ ದಾಹದಿಂದಲೇ.

ಜೋಗದ ಮುಂದೆ ನಿಂತೇ ತಂದೆ ಮಗನಿಗೆ ಫೋನು ಮಾಡಿದರು. ಅಲ್ಲಿ ಆಗ ನಡುರಾತ್ರಿ. ಹುಡುಗ ಗಾಬರಿಯಿಂದ ಎದ್ದು, "ಅಪ್ಪಾಜಿ, ಏನಾಯಿತು?" ಎಂದ. "ಏನೂ ಇಲ್ಲಪ್ಪ, ನೀರು ನೋಡಲು ಬಂದಿದ್ದೇವೆ. ನಿನಗೆ ಹೇಳದೆ ಬರಬಾರದಲ್ಲ" ಎಂದರು ಇವರು. ಆ ಕಡೆ ಹುಡುಗ ಕೆಲಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, "ನಾನು ಬಂದಾಗ ಇನ್ನೊಮ್ಮೆ ಹೋಗೋಣ" ಎಂದನಂತೆ.

ವಾಚಕರಲ್ಲಿ ನಮ್ಮ ಅರಿಕೆ ಇಷ್ಟೆ. ಪರದೇಶದಲ್ಲಿ ಓದುವ ಮಕ್ಕಳೇ, ಗೆಳೆಯರೊಡನೆ ಹೋಗಿ ನೋಡಿ; ಹೋಗುವ ಮುನ್ನ ಮನೆಗೆ ತಿಳಿಸಿ. ಫೋಟೋದ ಆಸೆಗೆ ಬೇಲಿ ದಾಟಿ ಪಾಚಿಗಲ್ಲಿನ ಮೇಲೆ ಕಾಲಿಡಬೇಡಿ. ತಂದೆತಾಯಿಗಳೇ, ಲೆಕ್ಕ ಕೇಳಿ, ತಪ್ಪಲ್ಲ. ಅದರ ಜೊತೆಗೆ ಅವರು ಕಂಡದ್ದನ್ನೂ ಕೇಳಿ. ಹೊಲ ಅಡವಿಟ್ಟು ಮಕ್ಕಳನ್ನು ಕಳುಹಿಸಿದ್ದು ಅವರು ಲೋಕವನ್ನು ಕಂಡು ಬರಲೆಂದೇ ಅಲ್ಲವೆ?