ಮುಖ ನೋಡಿ ಮಣೆ ಹಾಕುವ ಬುದ್ಧಿ

ಮುಂಬಯಿಯಲ್ಲಿ ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದ ನನಗೆ ಇಲ್ಲಿನವರು ಕೊಟ್ಟ ಗುಣನಡತೆಯ ಸರ್ಟಿಫಿಕೇಟುಗಳಿಗೆ ಲೆಕ್ಕವಿಲ್ಲ. "ನೀವು ಮದ್ರಾಸಿಗಳು ಲೆಕ್ಕದಲ್ಲಿ ಪಕ್ಕಾ, ಆದ್ರೆ ಪುಕ್ಕಲರು." ನಾನು ಧಾರವಾಡದವನು ಅಂದರೂ ಮದ್ರಾಸಿಯೇ!

ನಮ್ಮ ಸೊಸೈಟಿಯ ನಾಯಿಗಳಿಗೂ ಇದೇ ಗತಿ. ಲ್ಯಾಬ್ರಡಾರ್ ಸಾಧು, ಶೆಫರ್ಡ್ ಉಗ್ರ, ಬೀದಿ ನಾಯಿ ಕಳ್ಳ. ಆದರೆ ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ಮಾಲೀಕರನ್ನು ಕೇಳಿ ನಡೆಸಿದ, 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಾಯಿ ನಾಯಿಯ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ.

"ಮುಖ ನೋಡಿದ್ರೇ ಗೊತ್ತಾಗುತ್ತೆ ಸಾರ್" ಅನ್ನುವವರಿಗೆ ಇನ್ನೊಂದು ಸಂಗತಿ. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ನಾಯಿಗಳ 'ತಪ್ಪು ಮಾಡಿದ ಮುಖ'ವನ್ನು ಪರೀಕ್ಷೆಗೆ ಒಡ್ಡಿದರು. ಬೇಡವೆಂದ ತಿಂಡಿಯನ್ನು ನಾಯಿ ತಿಂದಿದೆಯೋ ಇಲ್ಲವೋ ಎಂದು ಮಾಲೀಕರಿಗೆ ಕೆಲವು ಸಲ ಸುಳ್ಳು ಹೇಳಿದರು. ಆ ಮುಖ ಬಂದದ್ದು ತಿಂದಾಗ ಅಲ್ಲ, ಗದರಿಸಿದಾಗ. ತಿನ್ನದೆ ಬೈಸಿಕೊಂಡ ನಾಯಿಗಳಲ್ಲೇ ಅದು ಹೆಚ್ಚು!

ಮನುಷ್ಯರಲ್ಲಿ ಇದನ್ನು ನಾನೇ ಕಂಡಿದ್ದೇನೆ. ಒಂದು ಶಾಖೆಯಲ್ಲಿ ಸಂಜೆ ಕ್ಯಾಶು 4,500 ರೂಪಾಯಿ ಕಡಿಮೆ ಬಂತು. ಎಲ್ಲರ ಕಣ್ಣೂ ಬಿಹಾರದ ಜವಾನನ ಮೇಲೆ. ನಾಲ್ಕು ಜನ ಗದರಿದರು, ಅವನು ತಲೆ ತಗ್ಗಿಸಿದ. "ನೋಡಿ, ಮುಖದ ಮೇಲೇ ಬರೆದಿದೆ" ಅಂದರು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ಹಿಂದುಮುಂದಾಗಿರಬಹುದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಹುಡುಕಿದಾಗ ಸಿಕ್ಕಿತು: 2,700ರ ಜಮೆಯನ್ನು 7,200 ಎಂದು ಬರೆದಿದ್ದರು. ಜವಾನನ ಕ್ಷಮೆ ಯಾರೂ ಕೇಳಲಿಲ್ಲ.

ನಾಯಿಗಾಗಲಿ ಮನುಷ್ಯನಿಗಾಗಲಿ ಸ್ವಭಾವವೇ ಇಲ್ಲ ಅಂತ ನಾನು ವಾದಿಸ್ತಿಲ್ಲ. ಖಂಡಿತ ಇದೆ. ಆದರೆ ಅದು ಒಬ್ಬೊಬ್ಬರದು. ಜೊತೆಗಿದ್ದು ನೋಡಿದವರಿಗೆ ತಿಳಿಯುವಂಥದು. ಊರು, ಭಾಷೆ, ತಳಿ ಕೇಳಿದೊಡನೆ ತಿಳಿಯುವುದು ನಮ್ಮ ತಲೆಯಲ್ಲಿ ಮೊದಲೇ ಇದ್ದದ್ದು ಮಾತ್ರ.

ಊರಿನಲ್ಲಿರುವ ನಿಮಗೆ ಇದನ್ನು ಯಾಕೆ ಹೇಳಬೇಕು? ನಮ್ಮನ್ನು ಮದ್ರಾಸಿ ಅಂದರೆ ನಿಮಗೂ ಸಿಟ್ಟು ಬರುತ್ತದೆ, ಸರಿ. ಆದರೆ ಬೆಂಗಳೂರಿಗೆ ಬಂದಾಗಲೆಲ್ಲ ಕೇಳುತ್ತೇನೆ: "ನಾರ್ತಿನೋರಿಗೆ ಮನೆ ಕೊಡಲ್ಲ, ಗಲಾಟೆ ಜನ." ಅಷ್ಟು ದೂರ ಯಾಕೆ, ಮಂಡ್ಯದವರು ಒರಟರು, ನಮ್ಮ ಕಡೆಯವರು ಜಗಳಗಂಟರು ಅನ್ನುವವರೂ ನೀವೇ ತಾನೆ? ಇಲ್ಲಿ ಅವಮಾನ ಅನ್ನಿಸುವುದು ಅಲ್ಲಿ ಅನುಭವ ಹೇಗಾದೀತು?

ಬಾಡಿಗೆಗೆ ಮನೆ ಕೇಳಿಕೊಂಡು ಬಂದವನ ಹಿಂದಿನ ಮನೆಯೊಡೆಯನಿಗೆ ಒಂದು ಫೋನ್ ಮಾಡಿ. ಬಾಡಿಗೆ ಸರಿಯಾಗಿ ಕೊಟ್ಟನೇ, ನೆರೆಯವರೊಡನೆ ಹೇಗಿದ್ದ, ಕೇಳಿ. ಬೇಡ ಅನ್ನುವುದಾದರೆ ಆಮೇಲೆ ಅನ್ನಿ.