ಪಾಳುಗೋಡೆಗಳು ಹೇಳದ ಸತ್ಯ

ಅಮೆರಿಕದ ಡೆಟ್ರಾಯಿಟ್‌ನಲ್ಲಿದ್ದ ಪ್ಯಾಕಾರ್ಡ್ ಕಾರು ಕಾರ್ಖಾನೆಯು 1956ರಲ್ಲಿ ಉತ್ಪಾದನೆ ನಿಲ್ಲಿಸಿತು. ಕ್ರಮೇಣ ಪಾಳುಬಿದ್ದ ಆ ಕಟ್ಟಡಗಳೊಳಗೆ ಕ್ಯಾಮರಾ ಹಿಡಿದವರು ನುಸುಳತೊಡಗಿದರು. ಒಡೆದ ಗಾಜು, ಕುಸಿದ ಛಾವಣಿ, ಕಾಂಕ್ರೀಟಿನ ಬಿರುಕಿನಲ್ಲಿ ಚಿಗುರಿದ ಗಿಡ ಅವರಿಗೆ ಸೌಂದರ್ಯವಾಗಿ ಕಂಡವು. ಆದರೆ ಅಲ್ಲಿ ಬೆವರು ಸುರಿಸಿದ ಮನುಷ್ಯ ಆ ಚಿತ್ರಗಳಲ್ಲಿ ಎಲ್ಲಿದ್ದಾನೆ?

1943ರ ಜೂನ್‌ನಲ್ಲಿ ಮೂವರು ಕಪ್ಪುವರ್ಣೀಯ ಕಾರ್ಮಿಕರಿಗೆ ಭಡ್ತಿ ನೀಡಿದ್ದನ್ನು ಸಹಿಸದೆ ಇದೇ ಕಾರ್ಖಾನೆಯ ಸುಮಾರು 25,000 ಬಿಳಿಯ ಕಾರ್ಮಿಕರು ಕೆಲಸ ತೊರೆದು ಹೊರನಡೆದಿದ್ದರು. ಅದೇ ತಿಂಗಳು ನಗರದಲ್ಲಿ ಭುಗಿಲೆದ್ದ ಜನಾಂಗೀಯ ಗಲಭೆಗೆ 34 ಮಂದಿ ಬಲಿಯಾದರು. ಅವರಲ್ಲಿ 25 ಮಂದಿ ಕಪ್ಪುವರ್ಣೀಯರು.

ದ್ವೇಷವೇ ಕಾರ್ಖಾನೆಯನ್ನು ಮುಚ್ಚಿಸಿತೆಂದು ಹೇಳುವಂತಿಲ್ಲ. ಅದು ಸೋತದ್ದು ದೊಡ್ಡ ಕಂಪೆನಿಗಳ ಪೈಪೋಟಿಯಲ್ಲಿ. ಆದರೆ ಬಾಗಿಲು ಮುಚ್ಚಿದ ದಿನ ಅದು ಯಾರ ಬಣ್ಣವನ್ನೂ ಕೇಳಲಿಲ್ಲ. ನೆರೆಯವನ ತುತ್ತಿನ ಮೇಲೆ ಕಣ್ಣಿಟ್ಟವರು, ತಮ್ಮ ತುತ್ತಿನ ಕೀಲಿಕೈ ಯಾರ ಬಳಿಯಿದೆಯೆಂದು ಯೋಚಿಸಿರಲಿಲ್ಲ.

2022ರಲ್ಲಿ ಆರಂಭವಾದ ನೆಲಸಮ ಕಾರ್ಯ 2024ರ ಕೊನೆಯ ವೇಳೆಗೆ ಬಹುತೇಕ ಮುಗಿದಿದೆ. ಗೋಡೆಗಳು ಹೋದವು. ಕಾರ್ಮಿಕನನ್ನು ಕಾರ್ಮಿಕನ ವಿರುದ್ಧ ನಿಲ್ಲಿಸುವ ಆ ರೋಗವಾದರೂ ಅವುಗಳೊಂದಿಗೆ ಹೋಗಿದೆಯೇ?